ಕಲ್ಲಿನ ಊರಲ್ಲಿ ಕರಿಕಿ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ, ನನ್ನ ಮನೆಗೆ ಹಾಗೆ ಬರುವುದು ನಗೆಪಾಟಲು. ನರ್ಸ್ ಕೆಲಸದಲ್ಲಿ ಇದ್ದಷ್ಟು ದಿನ ಅದು ದವಾಖಾನೆಗೆ ಬಂದು ಹೋಗುತ್ತಿತ್ತು. ನಿವೃತ್ತಿ ಆದ ಮೇಲೆ ವಿಳಾಸ ಹುಡುಕಿಕೊಂಡು ನೇರ ಅಂಗಳಕ್ಕೇ ಬಂತು. ಅದಕ್ಕೆ ನಾನು ಮಾಡಿದ ತಪ್ಪಾದರೂ ಏನು? ಮನೆಯ ಮುಂದೆ ಒಂದಿಷ್ಟು ಹುಲ್ಲು ಬೆಳೆಸುತ್ತೇನೆ ಎಂದೆ, ಅಷ್ಟೇ.

ನಮ್ಮದು ಇಳಕಲ್ಲು. ಊರಿನ ಹೆಸರಿನಲ್ಲೇ ಕಲ್ಲಿದೆ. ಸೀರೆ ನೇಯುವವರನ್ನು ಬಿಟ್ಟರೆ ಉಳಿದವರೆಲ್ಲ ಕಲ್ಲು ತೆಗೆಯುವವರು, ಕೊಯ್ಯುವವರು, ಉಜ್ಜುವವರು, ಇಲ್ಲವೇ ಯಾವ ಕಲ್ಲು ಒಳ್ಳೆಯದು ಎಂದು ವಾದ ಮಾಡುವವರು. ನನ್ನ ಮೈದುನನದು ಕಲ್ಲು ಉಜ್ಜುವ ಕಾರ್ಖಾನೆ. ನಾವು ಹೊಸ ಮನೆ ಕಟ್ಟಿ ದೀಪಾವಳಿ ಹೊತ್ತಿಗೆ ವಾಸ್ತುಶಾಂತಿ ಮಾಡಿದೆವು. ಬಂದವರು ಊಟಕ್ಕೆ ಕೂತಿದ್ದರೆ ಈತ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದ.

"ವೈನಿ, ಇಲ್ಲಿ ಕೆಂಪು ಗ್ರಾನೈಟ್ ಕುಂದರ್ಸಿ ಬಿಡ್ತೇನಿ. ನಿಮ್ಮ ಮಾರಿ ಕಾಣಬೇಕು, ಹಂಗ ಹೊಳೀತೈತಿ."

"ನನ್ನ ಮಾರಿ ಕನ್ನಡಿಯಾಗ ಕಾಣತೈತಿ. ಇಲ್ಲಿ ನಾ ಲಾನ್ ಮಾಡ್ತೇನಿ."

ಅವನು ನಕ್ಕ. ಊಟಕ್ಕೆ ಕೂತವರೂ ನಕ್ಕರು. ನನಗೆ ಸಿಟ್ಟು ಬಂತು. ನೌಕರಿಯ ಉದ್ದಕ್ಕೂ ದವಾಖಾನೆಯ ಕಲ್ಲಿನ ನೆಲದ ಮೇಲೆ ನಿಂತು ನನ್ನ ಹಿಮ್ಮಡಿ ಸವೆದು ಹೋಗಿದೆ. ಬೇಸಿಗೆಯಲ್ಲಿ ನಮ್ಮ ಊರಿನ ಗ್ರಾನೈಟಿನ ಮೇಲೆ ಕಾಲಿಟ್ಟರೆ ಹಪ್ಪಳ ಸುಟ್ಟಂತೆ ಸುಡುತ್ತದೆ. ಮುಂಜಾನೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಚಪ್ಪಲಿ ಬಿಟ್ಟು, ತಣ್ಣನೆಯ ಹುಲ್ಲಿನ ಮೇಲೆ ಕಾಲಿಟ್ಟು ಚಹಾ ಕುಡಿಯಬೇಕು. ನನ್ನ ಆಸೆ ಇದೊಂದೇ.

ಮೈದುನ ಎಲ್ಲರ ಮುಂದೆ ಎದ್ದು ನಿಂತು ಹೇಳಿದ. "ಬರೋ ಚೌತಿ ಒಳಗ ಇಲ್ಲಿ ಹುಲ್ಲು ಬಂದ್ರ, ನಾ ಬರಿಗಾಲಿಲೆ ಬಂದು, ಬಗ್ಗಿ, ನಿಮ್ಮ ಹುಲ್ಲಿಗೆ ಕೈ ಮುಗಿತೇನಿ. ಬರಲಿಲ್ಲಂದ್ರ ಹಬ್ಬದ ಮರುದಿನಾ ಕಲ್ಲು ಕುಂದರತಾವ."

"ಆಗಲಿ" ಎಂದೆ. ಮಾರನೆಯ ದಿನ ಅವನು ಕಲ್ಲಿನ ಹಲಗೆಗಳನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿ ನಮ್ಮ ಕಂಪೌಂಡಿಗೆ ಒರಗಿಸಿಬಿಟ್ಟ. ನಮ್ಮ ಮನೆಯವರನ್ನು ಕೇಳಿದೆ, "ನಿಮ್ಮ ತಮ್ಮ ಮಾಡಿದ್ದು ನೋಡಿದ್ರ್ಯಾ? ನೀವು ಯಾರ ಕಡೆ?" ಅವರು ಪೇಪರಿನಿಂದ ತಲೆ ಎತ್ತದೆ "ನೋಡೂಣು" ಎಂದರು. ಮದುವೆಯಾದಾಗಿನಿಂದ ಅವರು ಎಲ್ಲದಕ್ಕೂ ಕೊಟ್ಟ ಉತ್ತರ ಅದೇ. ಕನ್ಯಾ ನೋಡಲು ಬಂದಾಗಲೂ ನನ್ನ ಅಪ್ಪನ ಮುಂದೆ ಅದನ್ನೇ ಅಂದಿದ್ದರಂತೆ.

ಬಾದಾಮಿಯ ಸಲಹೆ

ಲಾನ್ ಮಾಡಲು ಹಲವು ದಾರಿ. ಬೀಜ ಚೆಲ್ಲಬಹುದು, ಬೆಳೆದ ಹುಲ್ಲಿನ ಹಾಸು ತಂದು ಹಾಸಬಹುದು, ಕಡ್ಡಿ ಕಿತ್ತು ತಂದು ನೆಡಬಹುದು. ಯಾವುದು ಒಳ್ಳೆಯದು ಎಂದು ಬಲ್ಲವರನ್ನು ಕೇಳಬೇಕಿತ್ತು. ಬಾದಾಮಿಗೆ ಮದುವೆಗೆ ಹೋದವಳು ಊಟ ಮುಗಿಸಿ ಗುಡಿಗಳ ಕಡೆ ನಡೆದೆ. ಅಲ್ಲಿ ಕಲ್ಲಿನ ಬುಡದಲ್ಲೇ ಹಸಿರು ಹುಲ್ಲು, ನೀಟಾಗಿ ಕತ್ತರಿಸಿದ್ದು. ಕಲ್ಲೂ ಹುಲ್ಲೂ ಜಗಳವಿಲ್ಲದೆ ಒಂದೇ ಕಡೆ ಇದ್ದುದನ್ನು ಕಂಡು ನನಗೆ ಧೈರ್ಯ ಬಂತು.

ಪಕ್ಕದಲ್ಲಿ ಒಬ್ಬ ಗೈಡ್ ಪ್ರವಾಸಿಗರ ಗುಂಪಿಗೆ ಚಾಲುಕ್ಯರ ಕಥೆ ಹೇಳುತ್ತಿದ್ದ. ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಬಾಯಿ ಹಾಕಿದೆ.

"ತಮ್ಮಾ, ಇದನ್ನ ಹೆಂಗ ಮಾಡ್ಯಾರ?"

"ಒಂದ ಬಂಡೆಗಲ್ಲ ಕೊರದು ಮಾಡ್ಯಾರ್ರಿ ಅಕ್ಕಾರ. ಮ್ಯಾಲಿಂದ ಕೆಳಗ ಕೊರಕೋತ ಬಂದಾರ."

"ಗುಡಿ ಅಲ್ಲಪಾ, ಹುಲ್ಲು. ಬೀಜ ಹಾಕ್ಯಾರೋ, ಹಾಸು ತಂದಾರೋ, ಕಡ್ಡಿ ಹಚ್ಚ್ಯಾರೋ?"

ಅವನು ಬಹುಶಃ ಮೊದಲ ಸಲ ಆ ಹುಲ್ಲನ್ನು ನೋಡಿದ. ಗುಂಪಿಗೆ ಗುಂಪೇ ಅವನ ಬಾಯಿಯನ್ನೇ ನೋಡುತ್ತಿತ್ತು. ಗೊತ್ತಿಲ್ಲ ಎಂದರೆ ಅಷ್ಟು ಹೊತ್ತು ಹೇಳಿದ್ದೆಲ್ಲ ಹಗುರಾಗುತ್ತಿತ್ತು.

"ಅದೂ ಚಾಲುಕ್ಯರದ ರಿ."

"ಹುಲ್ಲ?"

"ಹೌದ್ರಿ. ಆಗಿಂದ ಹಂಗ ಐತಿ. ನಾವು ಬರೇ ನೀರ ಹಾಕ್ತೇವಿ."

ಗುಂಪಿನಲ್ಲಿದ್ದ ಒಬ್ಬರು ಗುಡಿ ಬಿಟ್ಟು ಹುಲ್ಲಿನ ಫೋಟೋ ತೆಗೆಯತೊಡಗಿದರು.

ಕೆರೂರಿನ ಬೀಜ

ಚಾಲುಕ್ಯರು ಕೈಕೊಟ್ಟ ಮೇಲೆ ನಾನೇ ನಿರ್ಧಾರ ಮಾಡಿದೆ, ಬೀಜ. ಕೆರೂರಿನಲ್ಲಿ ತಂಗಿಯ ಸೊಸೆಯ ಕುಬಸ, ಅಂದರೆ ಸೀಮಂತ ಇತ್ತು. ಅವತ್ತೇ ಅಲ್ಲಿ ಸಂತೆ. ಬೀಜದ ಅಂಗಡಿಗೆ ಹೋಗಿ "ಹುಲ್ಲಿನ ಬೀಜ ಕೊಡ್ರಿ" ಎಂದೆ.

"ಎಷ್ಟ ದನ ಅದಾವ್ರಿ?" ಎಂದು ಅಂಗಡಿಯವನು ಕೇಳಿದ.

"ದನ ಇಲ್ಲ."

"ಮತ್ತ ತಿನ್ನೋರ ಯಾರ್ರಿ?"

"ಯಾರೂ ತಿನ್ನಂಗಿಲ್ಲ. ಅದರ ಮ್ಯಾಲೆ ನಾವು ಕುಂದರ್ತೇವಿ."

ಅವನು ಯಾವ ಊರು ಎಂದು ಕೇಳಿದ, ಹೇಳಿದೆ. ಇಳಕಲ್ಲಿನವರು ಸ್ಥಿತಿವಂತರು, ಹೀಗೂ ಇರುತ್ತಾರೆ ಎಂದುಕೊಂಡನೋ ಏನೋ, ಒಂದು ಚೀಲ ಕೊಟ್ಟು "ಭಾರಿ ಹುಲುಸಾಗಿ ಬರತೈತ್ರಿ" ಎಂದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬಚ್ಚಲ ನೀರನ್ನೆಲ್ಲ ಅಂಗಳಕ್ಕೆ ತಿರುಗಿಸಿದೆ. ಮೊದಲು ಹಸಿರು ಸೂಜಿಗಳು ಎದ್ದವು. ನಾನು ಮೈದುನನಿಗೆ ಫೋನು ಹಚ್ಚಿ "ಕೈ ಮುಗಿಯೋದು ರೂಢಿ ಮಾಡ್ಕೋರಿ" ಎಂದು ಹೇಳಿಯೂ ಬಿಟ್ಟೆ.

ಆಮೇಲೆ ಅದು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು, ತಲೆ ದಾಟಿತು. ಅವನು ಕೊಟ್ಟದ್ದು ಮೇವಿನ ಜೋಳ. ಓಣಿಯ ಎಮ್ಮೆಗಳೆಲ್ಲ ನಮ್ಮ ಗೇಟಿನ ಮುಂದೆ ನಿಂತು ಒಳಗೆ ನೋಡತೊಡಗಿದವು. ಕೊಯ್ದು ಹಾಕಬಹುದಿತ್ತು, ಆದರೆ ಮೈದುನ ನೋಡುವವರೆಗೆ ಕೊಯ್ಯುವುದಿಲ್ಲ ಎಂದು ಹಟ ಹಿಡಿದೆ. ಬೆಳೆದದ್ದಂತೂ ಬೆಳೆದಿದೆ, ಎತ್ತರದ ಮಾತು ಶರತ್ತಿನಲ್ಲಿ ಇರಲಿಲ್ಲ. ಅವನು ಬಂದ ದಿನ ನಾನು ಅದರ ನಡುವೆ ಕುರ್ಚಿ ಹಾಕಿಕೊಂಡು ಬೇಕೆಂತಲೇ ಕೂತೆ.

"ವೈನಿ, ಎಲ್ಲದೀರಿ?" ಎಂದು ಗೇಟಿನಿಂದ ಕೂಗಿದ.

"ಇಲ್ಲೇ, ಲಾನ್‌ನಾಗ ಕುಂತೇನಿ."

"ಕಾಣವಲ್ರಲ್ಲ!"

"ಕಾಣದಂಗ ಬೆಳದೈತಿ ಅಂತ ಒಪ್ಕೊಂಡ್ರಲ್ಲ, ಅಷ್ಟ ಸಾಕು."

ಅವನು ಒಪ್ಪಲಿಲ್ಲ. ಹುಲ್ಲಿಗೆ ಬಗ್ಗಿ ಕೈ ಮುಗಿಯುತ್ತೇನೆ ಎಂದಿದ್ದೆ, ಇದಕ್ಕೆ ತಲೆ ಎತ್ತಿ ಮುಗಿಯಬೇಕಾಗುತ್ತದೆ, ಆದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದ.

ಬಸ್ಸಿನಲ್ಲಿ ಹಾಸು

ಜೋಳವನ್ನು ಕೊಯ್ದು ಓಣಿಯ ಎಮ್ಮೆಗಳಿಗೆ ಹಾಕಿದೆ. ಎರಡನೆಯ ದಾರಿ ಹಾಸಿನದು. ಬಾಗಲಕೋಟೆಯ ಒಂದು ನರ್ಸರಿಯಲ್ಲಿ ಹುಲ್ಲನ್ನು ಮಣ್ಣಿನ ಸಮೇತ ಹೆರೆದು ಚಾಪೆಯ ಹಾಗೆ ಸುತ್ತಿ ಕೊಡುತ್ತಾರೆ. ಸುರುಳಿಗಳನ್ನು ಗೋಣಿತಟ್ಟಿನಲ್ಲಿ ಕಟ್ಟಿಸಿ ಇಳಕಲ್ಲಿನ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಬಂದ.

"ಏನ್ರಿ ಇದು?"

"ಲಾನ್."

ಅವನು ತಟ್ಟು ಸರಿಸಿ ಬೆರಳು ಹಾಕಿ ನೋಡಿದ. "ಇದು ಹುಲ್ಲ ಐತ್ರಿ. ಮೇವಿಗೆ ಲಗೇಜ್ ಟಿಕೆಟ್ ತಗೋಬೇಕು."

"ಮೇವಲ್ಲ. ಇದು ನೆಲಕ್ಕ ಹಾಸೋದು, ಜಮಖಾನಿ ಇದ್ದಂಗ. ಜಮಖಾನಿಗೆ ಟಿಕೆಟ್ ಕೇಳ್ತೀರೇನು?"

"ಜಮಖಾನಿಗೆ ಬೇರು ಇರ್ತಾವೇನ್ರಿ?"

ಬಸ್ಸಿನವರೆಲ್ಲ ಎರಡು ಪಾರ್ಟಿ ಆದರು. ಮುಂದಿನ ಸೀಟಿನವರು ಮೇವು ಎಂದರು, ಹಿಂದಿನವರು ಜಮಖಾನಿ ಎಂದರು. ನಾನು ಬಗ್ಗಲಿಲ್ಲ. ನನ್ನ ನೌಕರಿಯಲ್ಲಿ ಎಂಥೆಂಥ ಡಾಕ್ಟರರ ಜೊತೆ ವಾದ ಮಾಡಿದ್ದೇನೆ, ಕಂಡಕ್ಟರ್ ಯಾವ ದೊಡ್ಡವನು? ಅಮೀನಗಡ ಬರುವವರೆಗೂ ವಾದ ನಡೆಯಿತು. ಅಲ್ಲಿ ಅವತ್ತು ಸಂತೆ. ಒಬ್ಬ ಮುದುಕ ಕೊಂಡ ಆಡನ್ನು ಬಗಲಲ್ಲಿ ಇರುಕಿಕೊಂಡು ಹತ್ತಿದ. ಮುಂದೆ ಹುನಗುಂದದ ಹಾದಿಯಲ್ಲಿ ನನಗೆ ತುಸು ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಕಂಡಕ್ಟರ್ ಎದುರಿಗೆ ಟಿಕೆಟ್ ಮಷೀನು ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಗೆದ್ದ ಕಳೆ ಇತ್ತು.

"ಅಕ್ಕಾರ, ತಿರುಗಿ ನೋಡ್ರಿ. ಆಡು ಜಮಖಾನಿ ತಿನ್ನಾಕತ್ತೈತಿ."

ಅತ್ತೆಯ ಅಚ್ಚುಕಟ್ಟು

ಆಡು ಉಳಿಸಿದ ಹಾಸನ್ನು ಮೆಟ್ಟಿಲಿನ ಎದುರಿಗೆ ಹಾಸಿದೆ. ಆ ಸಂಜೆಯೇ ಅಡ್ಡಮಳೆ ಬಂತು. ನೀರು ಕುಡಿದು ಹಸಿರು ಮಿರಮಿರ ಮಿಂಚಿತು. ಇನ್ನು ಬೇರು ಹಿಡಿದೇ ಹಿಡಿಯುತ್ತದೆ ಎಂದು ನೆಮ್ಮದಿಯಿಂದ ಮಲಗಿದೆ.

ನಮ್ಮ ಅತ್ತೆಗೆ ಕಣ್ಣು ಮಂಜು, ಕೈ ಮಾತ್ರ ಇನ್ನೂ ಚುರುಕು. ನಾನು ಮರುದಿನ ಪೇಟೆಗೆ ಹೋಗಿ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಬಂದು ನೋಡಿದರೆ ಅಂಗಳ ಬೋಳು. ಒರಗಿಸಿಟ್ಟ ಗ್ರಾನೈಟಿನ ಹಲಗೆಗಳ ಮೇಲೆ ನನ್ನ ಲಾನ್ ಜೋತುಬಿದ್ದಿತ್ತು.

"ಅತ್ತೀ, ಇದನ್ನ ಯಾರು ತಗದ್ರು?"

"ನಾನ ತಗದೆ. ಬಾಗಿಲ ಮುಂದಿನ ಕಾಲೊರಸೋದು ಮಳಿಯಾಗ ತೊಯ್ದಿತ್ತು. ಭಾಳ ಮಣ್ಣ ಹಿಡದಿತ್ತು, ಛಲೋತ್ನ್ಯಾಗ ಝಾಡಿಸಿ ಒಣಾ ಹಾಕೇನಿ."

ಹಸಿರು ಬಣ್ಣದ ಪ್ಲಾಸ್ಟಿಕ್ ಹುಲ್ಲಿನ ಕಾಲೊರಸು ಈಗ ಎಲ್ಲರ ಬಾಗಿಲಲ್ಲೂ ಇರುತ್ತದೆ. ಅವರ ತಪ್ಪಾದರೂ ಏನು? ನನ್ನ ಕಣ್ಣಲ್ಲಿ ನೀರು ಬಂದದ್ದು ಖರೆ. ನಾನು ಮೂಗು ಎಳೆದದ್ದು ಕೇಳಿ ಅತ್ತೆ ಪಾಪ ಸಮಾಧಾನ ಮಾಡಿದರು.

"ಅಳಬ್ಯಾಡ ಯವ್ವಾ, ಒಂದ ಕಡೆ ಒಣಗೈತಿ. ಈಗ ಮಗ್ಗಲಾ ಬದಲ ಮಾಡ್ತೇನಿ."

ಮರೋಳದ ಮರ್ಯಾದೆ

ಉಳಿದದ್ದು ಕಡ್ಡಿಯ ದಾರಿ. ಕರಿಕಿ ತಂದು ನೆಡುವುದು. ಕರಿಕಿ ಎಂದರೆ ಗರಿಕೆ, ಗಣಪತಿಗೆ ಏರಿಸುವ ಹುಲ್ಲು. ತುಳಿದರೂ ಸಾಯುವುದಿಲ್ಲ, ನೀರಿಲ್ಲದಿದ್ದರೂ ಸಾಯುವುದಿಲ್ಲ, ಪಾದಕ್ಕೆ ಮೆತ್ತಗಿರುತ್ತದೆ. ಇಳಕಲ್ಲಿನ ಓಣಿಗಳೆಲ್ಲ ಕಲ್ಲು, ಸಿಮೆಂಟು, ಹುಡುಕಿದರೂ ಎಳೆ ಸಿಗಲಿಲ್ಲ. ಆಗ ಮರೋಳ ನೆನಪಾಯಿತು. ಏತ ನೀರಾವರಿ ಆದ ಮೇಲೆ ಅಲ್ಲಿ ಹೊಲಗಳಲ್ಲಿ ನೀರಿದೆ, ಆ ಸೀಮೆಯ ಬಹಳ ಮಂದಿ ಹುಟ್ಟಿದ್ದು ನನ್ನ ಕೈಯಲ್ಲಿ. ಪರಿಚಯದ ರೈತನ ಮನೆಗೆ ಹೋದೆ.

"ಸಿಸ್ಟರ, ಬರ್ರಿ ಬರ್ರಿ! ರೊಟ್ಟಿ ತಿಂದ ಹೋಗಬೇಕ ಇವತ್ತ" ಎಂದು ಆತ ಕಂಬಳಿ ಹಾಸಿದ. ಅವನ ಹೆಂಡತಿ ಒಳಗೆ ರೊಟ್ಟಿ ಬಡಿಯತೊಡಗಿದಳು.

"ತಿಂತೇನಿ. ಅದಕ್ಕೂ ಮೊದಲ ಒಂದ ಕೇಳೋದೈತಿ. ನಿಮ್ಮ ಹೊಲದಾಗ ಕರಿಕಿ ಐತೇನ್ರಿ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ರೈತ ಚಹಾದ ಬಸಿ ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಆಗ ನನಗೆ ನೆನಪಾಯಿತು, ಸಂಬಳದ ನೌಕರಿ ಮಾಡಿ ಇದನ್ನೇ ಮರೆತಿದ್ದೆ. ಎರೆ ಹೊಲದಲ್ಲಿ ಕರಿಕಿ ಹೊಕ್ಕರೆ ಎಷ್ಟು ಕಿತ್ತರೂ ಹೋಗುವುದಿಲ್ಲ. ಕರಿಕಿ ಇರುವ ಹೊಲದವನು ಸೋಮಾರಿ ಎಂದೇ ಊರು ತಿಳಿಯುತ್ತದೆ. ನಾನು ಕೇಳಿದ್ದು ಅವರ ಕಿವಿಗೆ, ನಿಮ್ಮ ಮನೆಯಲ್ಲಿ ಕಳ್ಳರಿದ್ದಾರಾ ಎಂದು ಕೇಳಿದ ಹಾಗೆ ಕೇಳಿಸಿತ್ತು.

"ಯಾರ ಹೇಳಿದ್ರ ನಿಮಗ?" ಆತ ದನಿ ತಗ್ಗಿಸಿದ. "ಮಗಗ ಕನ್ಯಾ ನೋಡಾಕತ್ತೇವಿ ಸಿಸ್ಟರ. ಇಂಥಾ ಮಾತ ಹಬ್ಬಿದ್ರ ಯಾರ ಕೊಡ್ತಾರ?"

"ತಪ್ಪ ತಿಳಕೋಬ್ಯಾಡ್ರಿ. ನನಗ ಕರಿಕಿ ಬೇಕಾಗೈತಿ. ಮನಿ ಮುಂದ ಹಚ್ಚಾಕ."

"ಹಚ್ಚಾಕ?" ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ರಿಟೈರ್ ಆದ ಮ್ಯಾಲೆ ಆರಾಮ ಅದೀರಿ ಹೌದಿಲ್ರಿ?"

ನಾನು ಆರಾಮ ಇದ್ದೇನೆ ಎಂದು ನಂಬಿಸುವಷ್ಟರಲ್ಲಿ ಎರಡು ರೊಟ್ಟಿ ಮುಗಿದವು. ಕೊನೆಗೆ ಆತ ಹೇಳಿದ, "ನಮ್ಮಲ್ಲಿ ಒಂದ ಎಳಿ ಇಲ್ಲ. ನಮ್ಮ ಅಣ್ಣನ ಹೊಲದಾಗ ಕೇಳ್ರಿ. ಅಲ್ಲಿ ಬ್ಯಾರೆ ಏನೂ ಬೆಳ್ಯಂಗಿಲ್ಲ."

ಅಣ್ಣನ ಮನೆ ಗೋಡೆಯ ಆಚೆಗೇ ಇತ್ತು. "ಯಾರ ಹೊಲದಾಗಲೇ?" ಎನ್ನುತ್ತ ಆತ ಬಂದೇ ಬಿಟ್ಟ. ಜಗಳ ನಡೆಯುತ್ತಲೇ ಮೂವರೂ ಹೊಲಕ್ಕೆ ಹೋದೆವು. ಎರಡೂ ಹೊಲಗಳ ನಡುವಿನ ಒಡ್ಡಿನ ಮೇಲೆ ಕರಿಕಿ ಹುಲುಸಾಗಿ ಹಬ್ಬಿತ್ತು. ಇದು ಅವನ ಕಡೆಯದು ಎಂದು ತಮ್ಮ, ಇದರ ಬೇರು ಇವನ ಕಡೆಯದು ಎಂದು ಅಣ್ಣ.

"ಯಾರದರ ಇರ್ಲಿ, ಇನ್ನ ಮ್ಯಾಲೆ ನಂದು ಅನ್ನೂಣು. ಹಡ್ಡಿ ಕೊಡ್ರಿ" ಎಂದೆ.

ತಮ್ಮ ಅಗೆದದ್ದಕ್ಕಿಂತ ಹೆಚ್ಚು ಅಗೆಯಬೇಕೆಂದು ಅಣ್ಣ, ಅಣ್ಣನಿಗಿಂತ ಹೆಚ್ಚು ತಾನು ಎಂದು ತಮ್ಮ. ನೋಡುನೋಡುತ್ತ ಚೀಲಗಳು ತುಂಬಿದವು. ಯಾರ ಮುಂದೂ ನಮ್ಮ ಹೆಸರು ಹೇಳಬೇಡಿ ಎಂದು ಇಬ್ಬರೂ ಬೇರೆ ಬೇರೆಯಾಗಿ ಕೈ ಮುಗಿದರು. ಹುನಗುಂದದಲ್ಲಿ ಇಳಕಲ್ಲಿನ ಬಸ್ಸು ಹತ್ತಿದರೆ ಅದೇ ಕಂಡಕ್ಟರ್.

"ಏನ್ರಿ ಇದು?"

"ಮೇವು. ಟಿಕೆಟ್ ಕೊಡ್ರಿ."

ಸಾರಿಸಿದ ಲಾನ್

ಅಷ್ಟು ಕರಿಕಿಯನ್ನು ಒಂದೊಂದೇ ಕಡ್ಡಿಯಾಗಿ ನೆಡಲು ನನ್ನ ಸೊಂಟ ಒಪ್ಪಲಿಲ್ಲ. ನರ್ಸರಿಯವನಿಗೆ ಫೋನು ಮಾಡಿದೆ. ಅವನು ಇನ್ನೊಂದು ದಾರಿ ಹೇಳಿದ. ಕರಿಕಿಯನ್ನು ಸಣ್ಣಗೆ ಹೆಚ್ಚಿ, ಸೆಗಣಿ ಮತ್ತು ಮಣ್ಣು ಕೂಡಿಸಿ, ನೀರು ಹಾಕಿ ಕಲಸಿ ನೆಲಕ್ಕೆ ಬಳಿಯಬೇಕು. ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದಂತೆ.

ಅತ್ತೆ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. "ಅದಕ್ಕ ಸಾರ್ಸೋದು ಅಂತಾರ. ಫೋನಿನ್ಯಾಗ ಕಲೀಬೇಕೇನ?" ಎಂದವರೇ ಸೆರಗು ಸಿಕ್ಕಿಸಿಕೊಂಡು ಎದ್ದರು. ಟೈಲ್ಸಿನ ಮನೆಗೆ ಬಂದಾಗಿನಿಂದ ಅವರಿಗೆ ಸಾರಿಸಲು ನೆಲವೇ ಸಿಕ್ಕಿರಲಿಲ್ಲ. ನಾನು ಈಳಿಗೆಯ ಮುಂದೆ ಕೂತು ಮೆಂತೆಪಲ್ಯ ಹೆಚ್ಚಿದಂತೆ ಕರಿಕಿ ಹೆಚ್ಚಿದೆ. ಅವರು ಅಂಗಳವನ್ನು ಸಾರಿಸಿದ ಚೆಂದ ನೋಡಬೇಕಿತ್ತು. ಮೈದುನ ಬಂದು ಮೂಗು ಮುಚ್ಚಿಕೊಂಡ.

"ವೈನಿ, ಹೊಸಾ ಮನಿ ಮುಂದ ಸೆಗಣಿ?"

"ಹೌದು. ನಿಮ್ಮ ಕಲ್ಲಿನಂಗ ಹೊಳ್ಯಂಗಿಲ್ಲ, ಖರೆ. ಆದ್ರ ಯಾರೂ ಜಾರಿ ಬೀಳಂಗಿಲ್ಲ."

ಮರುದಿನ ಎದ್ದು ನೋಡಿದರೆ ಲಾನಿನ ನಟ್ಟನಡುವೆ ದೊಡ್ಡ ರಂಗೋಲಿ. ಸಾರಿಸಿದ ನೆಲವನ್ನು ಬರಿದಾಗಿ ಬಿಡುವುದು ಅತ್ತೆಗೆ ಸಾಧ್ಯವೇ ಇರಲಿಲ್ಲ. ದಿನಾ ಮುಂಜಾನೆ ಅಂಗಳಕ್ಕೆ ಥಳಿ ಹೊಡೆದು ನೀರು ಚಿಮುಕಿಸುವುದೂ ಶುರುವಾಯಿತು. ಆ ನೀರೇ ನನಗೂ ಬೇಕಾಗಿತ್ತು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಹೊರಗೆ ಬಂದರೆ ರಂಗೋಲಿಯ ಗೆರೆಗಳ ನಡುವೆ ಹಸಿರು ಮೊಳಕೆ! ಅಲ್ಲೇ ಅತ್ತೆ ಕುಕ್ಕರಗಾಲಲ್ಲಿ ಕೂತು ಅದನ್ನು ಒಂದೊಂದಾಗಿ ಕೀಳುತ್ತಿದ್ದಾರೆ.

"ಅತ್ತೀ! ಏನ್ ಮಾಡಾಕತ್ತೀರಿ?"

"ಸಾರ್ಸಿದ ಅಂಗಳದಾಗ ಕರಿಕಿ ಎದ್ದೈತಿ ನೋಡ. ಅಂಜಬ್ಯಾಡ, ನಾ ಬೇರ ಸಹಿತ ತಗೀತೇನಿ."

ಹರೆಯವೆಲ್ಲ ಹೊಲದಲ್ಲಿ ಕರಿಕಿ ಕಿತ್ತ ಕೈ. ಬೆರಳಿಗೆ ತಾಗಿದರೆ ಬಿಡುವುದಿಲ್ಲ. ತಿಳಿಸಿ ಹೇಳಲು ಹೊತ್ತಿರಲಿಲ್ಲ. "ಕೀಳಬ್ಯಾಡ್ರಿ, ಅದು ಗಣಪತಿಗೆ ಬೇಡ್ಕೊಂಡ ಕರಿಕಿ!" ಎಂದು ಕೂಗಿಬಿಟ್ಟೆ. ಅತ್ತೆ ಕಿತ್ತದ್ದನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಅಲ್ಲೇ ಊರಿದರು. ಅಂದಿನಿಂದ ಬಡಿಗೆ ಹಿಡಿದು ಕಾವಲು ಕೂತರು. ನಾಯಿ ಇಲ್ಲ, ಎಮ್ಮೆ ಇಲ್ಲ, ಯಾರೂ ಹತ್ತಿರ ಸುಳಿಯುವಂತಿಲ್ಲ. ಅಂಗಳ ಹಸಿರಾಗಿ ತುಂಬಿದ ದಿನ ನಾನು ಚಪ್ಪಲಿ ಬಿಟ್ಟು ಮೆಲ್ಲಗೆ ಕಾಲು ಎತ್ತಿದೆ. ಬಡಿಗೆ ನನ್ನ ಕಡೆಗೂ ಎದ್ದಿತು.

"ದೇವರ ಕರಿಕಿ ಮ್ಯಾಲೆ ಕಾಲ ಇಡ್ತಿ?"

ಚೌತಿ

ಹಬ್ಬದ ದಿನ ನಸುಕಿನಲ್ಲೇ ಅತ್ತೆ ತಮ್ಮ ಕೈಯಾರೆ ಇಪ್ಪತ್ತೊಂದು ಎಳೆ ಹರಿದು ನಮ್ಮ ಗಣಪತಿಗೆ ಏರಿಸಿದರು. ಪೂಜೆ ಮುಗಿದ ಮೇಲೆ ಬಡಿಗೆಯನ್ನು ಮೂಲೆಗಿಟ್ಟು "ಗಣಪತಿದು ಮುಗೀತು, ಇನ್ನ ನಿಂದು" ಎಂದರು. ನಾನು ಕುರ್ಚಿ ತಂದು ಹಾಕಿ, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಎರಡೂ ಪಾದ ಇಟ್ಟೆ. ಇಬ್ಬನಿ ತಂಪಾಗಿ ಹಿಮ್ಮಡಿಗೆ ಹತ್ತಿತು. ಏನು ಸುಖ ಅಂತೀರಿ! ದವಾಖಾನೆಯ ಆ ಎಲ್ಲ ವರ್ಷಗಳು ಪಾದದಿಂದ ಇಳಿದು ಹೋದಂತಾಯಿತು. ಪಕ್ಕದಲ್ಲಿ ನಮ್ಮ ಮನೆಯವರು ಪೇಪರು ಓದುತ್ತಿದ್ದರು. ಅಡುಗೆಮನೆಯಿಂದ ಅತ್ತೆ ಚಹಾ ತಂದುಕೊಟ್ಟರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಓಣಿಯ ಹೆಣ್ಣುಮಕ್ಕಳು ತಾಟು ಹಿಡಿದು ಬಂದಿದ್ದರು. ಪೇಟೆಯಲ್ಲಿ ಕರಿಕಿ ಮುಗಿದಿತ್ತು, ಅವರ ಮನೆಗಳ ಮುಂದೆ ಎಲ್ಲ ಕಲ್ಲು. ನನ್ನ ಲಾನ್ ನೋಡಿ ನಕ್ಕವರೇ ಅವರು. "ಹರಕೋರಿ, ಆದ್ರ ಬೇರ ಬಿಡ್ರಿ" ಎಂದು ದೊಡ್ಡ ಮನಸ್ಸು ಮಾಡಿದೆ. ಅವರೆಲ್ಲ ಹೋದ ಮೇಲೆ ಗೇಟಿನ ಹೊರಗೆ ಇನ್ನೊಬ್ಬರು ನಿಂತದ್ದು ಕಾಣಿಸಿತು. ಸ್ನಾನ ಮಾಡಿ, ಮಡಿ ದೋತ್ರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಬೆಳ್ಳಿ ತಾಟು ಹಿಡಿದ ನನ್ನ ಮೈದುನ. ಮಡಿಯಲ್ಲಿ ಚಪ್ಪಲಿ ಹಾಕುವಂತಿಲ್ಲವಲ್ಲ, ಬರಿಗಾಲು.

"ವೈನಿ, ಮನ್ಯಾಗ ಪೂಜಿಗೆ ಕುಂತಾರ. ಒಂದ ಇಪ್ಪತ್ತೊಂದ ಎಳಿ..."

"ಏನು ಎಳಿ?"

"ಕರಿಕಿ."

"ಅಯ್ಯ, ನಿಮ್ಮ ಗಣಪತಿಗೆ ಗ್ರಾನೈಟ್ ಏರಸ್ಬೇಕಾಗಿತ್ತು. ಹೊಳೀತೈತಿ, ಅವನ ಮಾರಿ ಅವಗ ಕಾಣತೈತಿ."

ಅವನು ತಲೆ ತಗ್ಗಿಸಿ ಒಳಗೆ ಬಂದ. ಹುಲ್ಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಬಾಗಿಲಿನಿಂದ ಅತ್ತೆ ಗದರಿಸಿದರು. "ಲೇ, ಹಂಗ ಹರೀತಿಯೇನ? ದೇವರ ಕರಿಕಿ ಅದು. ಮೊದಲ ಬಗ್ಗಿ ಕೈ ಮುಗಿ."

ಅವ್ವನ ಮಾತು. ಅವನು ಬಗ್ಗಿದ, ಕೈ ಮುಗಿದ, ಆಮೇಲೆ ಎಳೆ ಹರಿದುಕೊಂಡ. ತಾಟಿನಲ್ಲಿ ಇಟ್ಟುಕೊಂಡು ಏಳುವಾಗ ಕಂಪೌಂಡಿಗೆ ಒರಗಿದ ತನ್ನ ಹಲಗೆಗಳು ಕಣ್ಣಿಗೆ ಬಿದ್ದವು. ಆಗ ಏನೋ ನೆನಪಾಗಿ ಹಾಗೇ ನಿಂತ. ತನ್ನ ಬರಿಗಾಲು ನೋಡಿಕೊಂಡ, ನನ್ನನ್ನು ನೋಡಿದ. ನಾನು ಚಹಾ ಕುಡಿಯುತ್ತಿದ್ದೆ.

"ಆ ಕಲ್ಲ ಏನ್ ಮಾಡ್ಲಿ ವೈನಿ?"

"ಒಂದ ಹಿತ್ತಲದಾಗ ಹಾಕ್ಸಿ ಹೋಗ್ರಿ. ಅರಬಿ ಒಗ್ಯಾಕ ನನಗೊಂದ ಛಲೋ ಕಲ್ಲ ಬೇಕಾಗಿತ್ತು. ಉಳಿದದ್ದು ಒಯ್ಯಿರಿ."

ಅವನ ಮುಖ ಅವನ ಗ್ರಾನೈಟಿಗಿಂತ ಕೆಂಪಾಯಿತು. ಕೊನೆಯ ಆಸರೆಗೆ ಅಣ್ಣನ ಕಡೆ ತಿರುಗಿದ. "ಅಣ್ಣಾ, ನೀನರ ಹೇಳಪಾ. ನಾ ಈಗ ಕೈ ಮುಗುದದ್ದು ಗಣಪತಿಗೆ. ವೈನಿ ಹುಲ್ಲಿಗಲ್ಲ. ಹೌದಲ್ಲೋ?"

ಈಗ ಬರುತ್ತದೆ "ನೋಡೂಣು" ಎಂದು ನಾನು ಕಾದೆ. ನಮ್ಮ ಮನೆಯವರು ಪೇಪರು ಮಡಿಚಿ ತೊಡೆಯ ಮೇಲಿಟ್ಟರು, ಕನ್ನಡಕ ತೆಗೆದರು, ತಮ್ಮನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದರು.

"ನೋಡಿದೆ," ಎಂದರು. "ಹುಲ್ಲಿಗೇ ಮುಗದಿ."